ಅಪ್ಪಾಸಾಬರ ಗೇಣು

ಬೆಳಕು ಹರಿಯುವ ಹೊತ್ತು. ಬನಹಟ್ಟಿಯ ಮಗ್ಗದ ಶೆಡ್ಡಿನಲ್ಲಿ ಇನ್ನೂ ಸದ್ದು ಎದ್ದಿಲ್ಲ. ಮಗ್ಗ ಶುರುವಾಗುವುದರೊಳಗೆ ವೈರಿನ ಪ್ಲಾಸ್ಟಿಕ್ ಪೈಪು ಗೋಡೆ ಹತ್ತಬೇಕು. ಬಾಗಿಲಲ್ಲಿ ಶೇವಂತಿ ಶೆಗಡಿಯ ಕೆಂಡ ಊದುತ್ತಿದ್ದಾರೆ.

"ವೈನಿ, ತೊಲಿ ಸುತ್ತಾಕ ಒಂದು ಗೇಣು, ಮ್ಯಾಲ ಮೂರು ಬಟ್ಟು!" ಏಣಿಯ ಮೇಲಿಂದ ಮೈದುನ ಸಂಜು ಕೂಗುತ್ತಾನೆ.

ಶೇವಂತಿ ಪೈಪಿಗೆ ಎಡಗೈ ಹಚ್ಚಿ, ಮೊಣಕೈ ಮಡಿಕೆಯಿಂದ ಮಣಿಕಟ್ಟಿನ ಎಲುಬಿನವರೆಗೆ ಅಳೆದು, ಮೂರು ಬಟ್ಟು ಸೇರಿಸಿ ಸುಣ್ಣದ ಗೆರೆ ಎಳೆಯುತ್ತಾರೆ. ಬಗ್ಗಿಸಿದಲ್ಲಿ ಚಪ್ಪಟೆಯಾಗದಂತೆ ಒಳಗೆ ಮರಳು ತುಂಬಿ, ಬಾಯಿಗೆ ಅರಿವೆ ತುರುಕಿ, ಕೆಂಡದ ಮೇಲೆ ತಿರುಗಿಸುತ್ತಾರೆ. ಮೆತ್ತಗಾದ ಪೈಪು ಎರಡು ಕಡೆ ಬಾಗುತ್ತದೆ. ಒದ್ದೆ ಬಟ್ಟೆ ಸವರಿ ಮೇಲೆ ಕೊಡುತ್ತಾರೆ.

"ಮತ್ತ ಎರಡು ಬಟ್ಟು ಹೆಚ್ಚಾತಲ್ರಿ! ಈ ಸಂದ್ಯಾಗ ಗುಬ್ಬಿ ಸಂಸಾರ ಹೂಡ್ತೈತಿ."

ಶೇವಂತಿ ನಗುವುದಿಲ್ಲ. ಕೈ ಅಳೆದದ್ದು ಸಂಜುವಿನ ಗೇಣಲ್ಲ, ಗಂಡ ಅಪ್ಪಾಸಾಬರದು. ಅವರ ಒಂದು ಗೇಣೆಂದರೆ ಇವರ ಮೊಣಕೈಯಿಂದ ಮಣಿಕಟ್ಟಿಗೆ ಸರಿ.

ರಬಕವಿ, ಮಹಾಲಿಂಗಪುರ, ಜಮಖಂಡಿ ಎಂದು ವೈರಿಂಗ್ ಕೆಲಸಕ್ಕೆ ಗಂಡಹೆಂಡತಿ ಕೂಡಿಯೇ ತಿರುಗಿದವರು. ಅವರು ಏಣಿಯ ಮೇಲೆ, ಇವರು ಕೆಳಗೆ. ತೊಲೆ ಹಿಡಿದ ಒಂದು ಕೈ ಬಿಡುವಂತಿಲ್ಲ. ಟೇಪು ಹಿಡಿಯಲು ಎರಡು ಕೈ ಬೇಕು. ಹಾಗಾಗಿ ಚಾಚಿದ ಅಂಗೈಯೇ ಅಳತೆಗೋಲು. "ಮನ್ಯಾಗ ಅವರು ಎಲ್ಲಿ ಮಾತಾಡ್ತಿದ್ರು ಬಿಡ್ರಿ! ನನ್ನ ಕೂಡ ಆಡಿದ ಮಾತೆಲ್ಲಾ ಗೇಣು, ಬಟ್ಟು. ಸಿಟ್ಟು ಬಂದ್ರ ಅದನ್ನ ಜೋರಾಗಿ ಕೂಗ್ತಿದ್ರು, ಅಷ್ಟ," ಎನ್ನುತ್ತಾರೆ ಶೇವಂತಿ.

ಹೋದ ಶ್ರಾವಣದಲ್ಲಿ ಎದೆನೋವು ಬಂತು. ಜಮಖಂಡಿಯ ದವಾಖಾನೆ ಮುಟ್ಟುವುದರೊಳಗೆ ಅಪ್ಪಾಸಾಬರು ತೀರಿಕೊಂಡರು. ಏಣಿ ತಮ್ಮನಿಗೆ ಬಂತು. ತಮ್ಮನ ಅಂಗೈ ಸಣ್ಣದು.

ಸಂಜುವಿನ ಗೇಣಿಗೆ ಸರಿಯಾಗಿ ಶೇವಂತಿ ಒಂದು ಕಡ್ಡಿ ಕತ್ತರಿಸಿ ಇಟ್ಟುಕೊಂಡಿದ್ದಾರೆ. "ಕಡ್ಡಿ ಬಾಜೂಕ ಇರ್ತೈತ್ರಿ. ಅಂವ ಗೇಣು ಅನ್ನೂದರಾಗ ಕೈ ತಾನ ಮುಂದ ಹೋಗಿರ್ತೈತಿ."

ಶೆಡ್ಡಿನ ಮಾಲಕ ಪರಮಾನಂದ ಹಿಂದೆ ಬಂದು ನಿಂತಿದ್ದಾರೆ. "ಶೇವಂತವ್ವ, ನಿನ್ನ ಹೊಟ್ಟಿ ಮ್ಯಾಲ ಹೊಡಿಯಾಂವಲ್ಲ ನಾ. ಆದ್ರ ಪೈಪು ಹಾಳಾಗಾಕತ್ತಾವು. ಇನ್ನೊಂದು ಹಿಂಗಾದ್ರ ಅಂಗಡ್ಯಾಗಿನ ರೆಡಿ ಬೆಂಡ್ ತರಿಸ್ತೇನಿ, ನೋಡು."

ಬಾಗಿಸಿಯೇ ಮಾರುವ ತುಂಡುಗಳು ಬಂದರೆ ಏಣಿಯ ಕೆಳಗೆ ಯಾರೂ ಬೇಕಾಗಿಲ್ಲ. ಮೈದುನನೊಬ್ಬನೇ ಸಾಕು. ಶೇವಂತಿಗೆ ಬೇರೆ ಕೆಲಸ ಗೊತ್ತಿಲ್ಲ.

ಹೊಸ ಪೈಪು ತೆಗೆದುಕೊಳ್ಳುತ್ತಾರೆ. ಈ ಸಲ ಎಡಗೈಯನ್ನು ಸೆರಗಿನಲ್ಲಿ ಸುತ್ತಿ ಹೊಟ್ಟೆಗೆ ಒತ್ತಿ ಹಿಡಿದು, ಬಲಗೈಯಿಂದ ಕಡ್ಡಿ ಇಟ್ಟು ಗೆರೆ ಎಳೆಯುತ್ತಾರೆ. ಕಾಯಿಸಿ, ಬಗ್ಗಿಸಿ, ಮೇಲೆ ಕೊಡುತ್ತಾರೆ. ಪೈಪು ತೊಲೆಯನ್ನು ಅಪ್ಪಿ ಕೂರುತ್ತದೆ.

"ಛಲೋ ಕೂತೈತಿ, ವೈನಿ!"

ಪರಮಾನಂದ ತಲೆಯಾಡಿಸಿ ಹೋಗುತ್ತಾರೆ. ಶೇವಂತಿಯ ಮುಖ ಅರಳುವುದಿಲ್ಲ. ಸೆರಗು ಬಿಚ್ಚಿ, ಮೊಣಕೈಯಿಂದ ಮಣಿಕಟ್ಟಿನವರೆಗೆ ಮೆಲ್ಲಗೆ ಸವರಿಕೊಳ್ಳುತ್ತಾರೆ.

"ಅವರ ಗೇಣು ನನಗ ಮರತು ಹೋಗ್ಲಿ ಅಂತ ಬೀರಪ್ಪಗ ಕಾಯಿ ಒಡಿಸಿ ಬಂದೇನ್ರಿ," ಎನ್ನುತ್ತಾರೆ. ಯಾರೋ ತಪ್ಪು ತಿಳಿದಾರೆಂಬಂತೆ ಸೇರಿಸುತ್ತಾರೆ: "ಅವರನ್ನಲ್ರೀ. ಬರೇ ಗೇಣು."