ನನ್ನ ಧ್ವನಿಯಲ್ಲಿ ಕೊಟ್ಟ ಮಾತು

ಮಹಾರಾಷ್ಟ್ರದ ಗಡಿಯೂರು ಉಮರ್ಗಾದ ಹಾಲಿನ ಕಂಪನಿಯೊಂದರಲ್ಲಿ ನಾನು ಕೆಲವು ವರ್ಷ ಕೆಲಸ ಮಾಡಿದೆ. ಹಾಲು ಹಾಕುವವರು ದೂರು ಹೇಳಲೆಂದು ಕಂಪನಿ ಒಂದು ಫೋನ್ ನಂಬರ್ ಶುರುಮಾಡಿದಾಗ, ಅದರಲ್ಲಿ ಕೇಳಿಸುವ ಕನ್ನಡದ ಮಾತನ್ನು ನನ್ನಿಂದಲೇ ಓದಿಸಿದರು: “ಮನಸ್ಸು ಬಿಚ್ಚಿ ಹೇಳ್ರಿ. ನಿಮ್ಮ ಹೆಸರು, ನಂಬರು ಯಾರಿಗೂ ಗೊತ್ತಾಗಂಗಿಲ್ಲ.” ಅವತ್ತು ಮನೆಯವರಿಗೆಲ್ಲ ಆ ನಂಬರು ಹಚ್ಚಿ ಕೇಳಿಸಿದೆ. ಅಷ್ಟು ಹೆಮ್ಮೆ ನನಗೆ.

ಮಳೆಗಾಲದಲ್ಲಿ ಯೆಣೆಗೂರ ಕಡೆಯ ಹಳ್ಳಿಯಿಂದ ಹೆಂಗಸೊಬ್ಬಳ ದೂರು ಬಂತು. ಕುರಿ ಕಾಯುವ ಮನೆತನದವಳು, ಎರಡು ಎಮ್ಮೆ ಕಟ್ಟಿದ್ದಳು. ಊರಿನ ಹಾಲು ಸೆಂಟರಿನ ಮಷೀನು ತನ್ನ ಹಾಲಿಗೆ ಫ್ಯಾಟ್ ಕಡಿಮೆ ತೋರಿಸುತ್ತದೆ, ರೇಟೂ ಇಳಿಯುತ್ತದೆ, ಅದೇ ಹಾಲನ್ನು ಸೆಂಟರಿನವನ ಭಾವನ ಕ್ಯಾನಿನಲ್ಲಿ ಕಳಿಸಿದರೆ ಹೆಚ್ಚು ಬರುತ್ತದೆ ಎಂದಿದ್ದಳು.

ಮ್ಯಾನೇಜರ್ ಕರೆದು ಕೇಳಿದರು, “ಯಾರು ಈಕಿ?”

“ಹೆಸರು ಹೇಳಬಾರದಲ್ರೀ, ಸಾಹೇಬ್ರ.”

“ಅದು ಹೊರಗಿನವ್ರಿಗೆ. ನಾವು ಮನಿಯವ್ರೇ ಅಲ್ಲೇನು?”

ನಾನು ನಕ್ಕು, ದೂರು ಬರೆದಿಡುವ ಕಂಪ್ಯೂಟರ್ ತೆರೆದು ಆಕೆಯ ಹೆಸರು ಹೇಳಿಬಿಟ್ಟೆ.

ಮುಂದಿನ ವಾರ ಆಕೆ ಬಸ್ಸು ಹಿಡಿದು ಕಚೇರಿಗೇ ಬಂದಳು. “ಸೆಂಟರಿನಾಗ ಹಾಲು ಒಡದದ ಅಂತ ಮೂರು ದಿನದಿಂದ ಹೊಳ್ಳಿ ಕಳಸಲತ್ಯಾರ್ರೀ.” ನಾನು ‘ಕೂಡ್ರಿ’ ಎನ್ನುತ್ತಲೇ ಮುಖವೆತ್ತಿ ನೋಡಿದಳು. “ಫೋನಿನಾಗ ಮಾತಾಡಾಕಿ ನೀನೇ ಹೌದಲ್ಲವ್ವಾ? ನಿನ್ನ ಮಾತು ಕೇಳೇ ನಾ ಹೇಳಿದ್ದು. ನನ್ನ ಹೆಸರು ಯಾರು ಹೇಳ್ಯಾರ?”

“ನನಗೇನೂ ಗೊತ್ತಿಲ್ರೀ,” ಎಂದೆ.

ಆಕೆ ನಂಬಿದಳು. ಕೊಟ್ಟ ನೀರು ಕುಡಿದು, “ಇರಲಿ ಬಿಡು, ನೀ ಏನು ಮಾಡ್ತಿ,” ಎಂದು ಹೋದಳು.

ತಡೆಯಲಾರದೆ, ದೂರು ಕೊಟ್ಟವಳ ಹೆಸರು ಹೊರಬಿದ್ದು ಆಕೆಯ ಹಾಲು ವಾಪಸ್ಸಾಗುತ್ತಿದೆ ಎಂದು ಕಂಪನಿಯ ನಿರ್ದೇಶಕರ ಮಂಡಳಿಗೆ ಪತ್ರ ಬರೆದೆ. ಸಭೆಗೆ ಕರೆಸಿದರು. ವಯಸ್ಸಾದ ನಿರ್ದೇಶಕರೊಬ್ಬರು ಮೆತ್ತಗೆ, “ಹೆಸರು ಹೊರಗೆ ಬಿಟ್ಟವರು ಯಾರು?” ಎಂದರು. ಮ್ಯಾನೇಜರ್ ನನ್ನನ್ನೇ ನೋಡುತ್ತಿದ್ದರು. ‘ನಾನು, ಇವರು ಕೇಳಿದ್ದಕ್ಕೆ’ ಎಂಬಷ್ಟು ಮಾತು ಸಾಕಿತ್ತು. “ಸರಿಯಾಗಿ ತಿಳಿಯದು, ಸರ್,” ಎಂದೆ. ವಿಚಾರಣೆ ಅಲ್ಲಿಗೇ ಮುಗಿಯಿತು, ಫ್ಯಾಟಿನ ದೂರೂ ಅದರೊಂದಿಗೇ. ತಿಂಗಳೊಳಗೆ ಫೋನಿನ ಆ ಮಾತನ್ನು ಹೊಸದಾಗಿ ಧ್ವನಿಮುದ್ರಿಸಿದರು, ಹೆಸರು ಗೊತ್ತಾಗುವುದಿಲ್ಲ ಎಂಬ ಸಾಲು ಬಿಟ್ಟು. ಅದನ್ನು ಓದಿದವಳೂ ನಾನೇ.

ಕೆಲಸ ಬಿಟ್ಟ ಮೇಲೆ, ಹೋದ ವರ್ಷ, ಆಕೆಯನ್ನು ಹುಡುಕಿಕೊಂಡು ಹೋದೆ. ಹೆದ್ದಾರಿಯ ಧಾಬಾವೊಂದಕ್ಕೆ ಹಾಲು ಹಾಕುತ್ತಿದ್ದಳು. “ನಿಮ್ಮ ಹೆಸರು ಹೇಳಿದಾಕಿ ನಾನೇ,” ಎಂದೆ. ಕ್ಯಾನು ಕೆಳಗಿಟ್ಟಳು.

“ಅವತ್ತೇ ಹೇಳಿದ್ರ ಆ ಸಾಹೇಬನ ಮುಂದ ಹೋಗಿ ನಿಲ್ತಿದ್ದೆ. ಊರಾಗ ನನ್ನ ಮಾತೇ ಸುಳ್ಳಾಯ್ತು. ಈಗ ಯಾಕ ಹೇಳ್ತಿ?”

ಆಕೆ ಕ್ಯಾನು ಎತ್ತಿಕೊಂಡು ಒಳಗೆ ಹೋದಳು. ನಾನು ರಸ್ತೆ ದಾಟಿ ಉಮರ್ಗಾದ ಬಸ್ಸಿಗೆ ಕೈ ಮಾಡಿದೆ.