ಇರೋಹ್ ತೇತೆ ಉಳಿಸಿದ ಬಲಗಾಲು

ಬಾಂಡುಂಗ್‌ನ ದೊಡ್ಡ ಮಾಲೊಂದರ ಶೂ ಅಂಗಡಿಯ ಹಿಂಬದಿಯಲ್ಲಿ ಎಲ್ಲರೂ ತೇತೆ, ಅಂದರೆ ಅಕ್ಕ, ಎಂದು ಕರೆಯುವ ನಮ್ಮ ಇರೋಹ್‌ಗೆ ಕೆಲಸ. ಮಾರಾಟವಾಗದೆ ಉಳಿದ ಹೊಸ ಶೂಗಳನ್ನು ಕಸಕ್ಕೆ ಹಾಕುವ ಮೊದಲು ಪ್ರತಿ ಜೋಡಿಯಲ್ಲೂ ಒಂದನ್ನು ಚಾಕುವಿನಿಂದ ಸೀಳಬೇಕು. ಒಂದು ಹಾಳಾದರೆ ಜೋಡಿಯೇ ಹಾಳಾದಂತೆ. ತೇತೆ ಸೀಳುತ್ತಿದ್ದುದು ಎಡಗಾಲಿನದನ್ನು ಮಾತ್ರ. ಮಸೀದಿಯೊಳಗೆ ಮೊದಲು ಇಡುವುದು ಬಲಗಾಲು, ಶೂ ಮೊದಲು ತೊಡುವುದೂ ಬಲಗಾಲಿಗೆ. ಅದಕ್ಕೆ ಚಾಕು ಹಾಕಲು ಅವಳಿಗೆ ಮನಸ್ಸಾಗುತ್ತಿರಲಿಲ್ಲ.

ಓಣಿಯ ಹೆಂಗಸರ ಕುರಾನ್ ಓದು ಮುಗಿದ ಮೇಲೆ ನನ್ನ ಪಕ್ಕ ಕೂತು ಗೊಣಗುವುದು ಅವಳ ವಾಡಿಕೆ. ಆ ದಿನ ಸಿಟ್ಟು ನೆತ್ತಿಗೇರಿತ್ತು. ಮೊಮ್ಮಗಳು ವಿದಾಳ ಶೂ ಬಾಯಿಬಿಟ್ಟಿತ್ತು. ಕಪ್ಪು ಶೂ ಇಲ್ಲದೆ ಶಾಲೆಯೊಳಗೆ ಬಿಡುವುದಿಲ್ಲ. ಸೀಳಬೇಕಾದ ರಾಶಿಯಲ್ಲೇ ಅವಳ ಅಳತೆಯವು ಇದ್ದವು.

“ಒಂದು ಜೋಡಿ ಕೊಡಿ ಪಾಕ್, ಸಾಹೇಬರೇ, ಅಂದೆ ಕಣೇ, ಆ ಮ್ಯಾನೇಜರ್ ರುಸ್ತಾಂಡಿಗೆ. ‘ಇವತ್ತು ನಿನಗೆ ಕೊಟ್ರೆ, ನಾಳೆ ಅಂಗಡಿ ಕೆಲಸದವರೆಲ್ಲ ಮಾಲು ಖರ್ಚಾಗದಿರಲಿ ಅಂತ ದುವಾ ಮಾಡ್ತಾರೆ’ ಅಂತಾನೆ! ಅಗ್ಗಕ್ಕೆ ಬಿಟ್ರೆ ಆಮೇಲೆ ಪೂರ್ತಿ ಬೆಲೆಗೆ ಯಾರೂ ಕೊಳ್ಳಲ್ವಂತೆ. ಮಗು ಶೂನ ನನ್ನ ಕೈಯಾರೆ ಕೊಯ್ದೆ. ಥೂ!”

“ಸಂತೇಲಿ ಓನಾಹ್ ಹತ್ರ ನೋಡು,” ಎಂದೆ.

ಓನಾಹ್ ಕಸ ಆಯುವವಳು. ಭಾನುವಾರ ರಸ್ತೆಬದಿಯಲ್ಲಿ ಶೂ ಹರಡಿಕೊಂಡು ಕೂರುತ್ತಾಳೆ. ಅಂಗಡಿಯ ಇನ್ನೊಂದು ಶಾಖೆಯಲ್ಲಿ ಸೀಳುವವನು ಬಲಗಾಲಿನದನ್ನೇ ಸೀಳುತ್ತಿದ್ದ. ಎರಡೂ ಕಡೆಯ ಕಸದಿಂದ ಅವಳು ಜೋಡಿ ಹೊಂದಿಸುತ್ತಿದ್ದಳು.

“ಬಲ ನಿನ್ನದು ತೇತೆ, ಎಡ ಅವನದು. ಇಬ್ಬರಿಗೂ ನಿಕಾಹ್ ಮಾಡಿಸಿದವಳು ನಾನು!” ಎಂದು ಓನಾಹ್, ಶೂ ಕೇಳಲು ಬಂದ ತೇತೆಯ ಮುಂದೆ ನಕ್ಕಳು. “ಮಕ್ಕಳ ಕಪ್ಪು ಶೂ ಮುಗಿದಿದೆ. ಮುಂದಿನ ಕಸ ಬರಲಿ.”

ಅಷ್ಟರಲ್ಲಿ ಸಂತೆಯ ಸುದ್ದಿ ರುಸ್ತಾಂಡಿಯ ಕಿವಿಗೂ ಬಿತ್ತು. ಎರಡೂ ಶಾಖೆಗಳಲ್ಲಿ ಇನ್ನು ಎಡಗಾಲಿನದನ್ನೇ ಸೀಳಬೇಕೆಂದು ಅಪ್ಪಣೆಯಾಯಿತು.

“ಬಲಗಾಲಿನ ಮರ್ಯಾದೆ ಊರಿಗೆಲ್ಲ ಉಳೀತು,” ಎಂದು ತೇತೆ ಹಣೆ ಚಚ್ಚಿಕೊಂಡಳು. “ನನ್ನ ಮಗು ಬರಿಗಾಲಲ್ಲಿ ಉಳೀತು.”

ಮುಂದಿನ ರಾಶಿ ಬಂದಾಗ ಅವಳು ಚಾಕುವನ್ನು ಎಡಗಾಲಿನದರ ಮೇಲಿಟ್ಟು ಮತ್ತೆ ತೆಗೆದಳಂತೆ. ಆಮೇಲೆ ದೇವರ ಕ್ಷಮೆ ಬೇಡಿ, ಬಲಗಾಲಿನದನ್ನು ಸೀಳತೊಡಗಿದಳು. ಆ ಶಾಖೆಯಲ್ಲಿ ಬಲ ಉಳಿದರೆ ಇಲ್ಲಿ ಎಡ ಉಳಿಯಬೇಕಲ್ಲ.

ರುಸ್ತಾಂಡಿ ಬಂದು ಸೀಳಿದ ಶೂ ಒಂದನ್ನು ಎತ್ತಿ ನೋಡಿದ. “ಏನಮ್ಮಾ, ಇದು ಬಲಗಾಲಿಂದಲ್ವಾ?”

“ಅಡಿಮೇಲು ಮಾಡಿ ಹಿಡಿದಿದ್ದೀರಿ ಪಾಕ್. ಅದಕ್ಕೇ ಹಾಗೆ ಕಾಣ್ತಿದೆ.”

ಅವನು ತಿರುಗಿಸಿದ, ಮತ್ತೆ ತಿರುಗಿಸಿದ, ತನ್ನ ಕಾಲನ್ನೇ ಒಮ್ಮೆ ನೋಡಿಕೊಂಡ. “ನಿನ್ನ ಜೊತೆ ಏಗೋಕಾಗಲ್ಲಮ್ಮ!” ಎಂದು ಶೂ ಎಸೆದು ಹೋದ.

ಭಾನುವಾರ ಓನಾಹ್‌ಳ ಬಳಿ ಜೋಡಿ ಸಿಕ್ಕಿತು. ಮರುದಿನ ವಿದಾ ಹೊಸಿಲ ಮೇಲೆ ಕೂತು, ಅವಸರದಲ್ಲಿ ಎಡಗಾಲು ಚಾಚಿದಳು.

“ಬಲಗಾಲು ಮೊದಲು!” ತೇತೆ ಗದರಿದಳು. “ಅಷ್ಟಾದರೂ ಉಳಿಸು.”