ಬಸ್ಸಿನ ಕಿಟಕಿಯಿಂದ ಕಂಡ ನನ್ನ ಸೈಟು

ನನ್ನ ತವರು ಬಂಡಳ್ಳಿ, ಕೊಟ್ಟ ಮನೆ ಯಳಂದೂರು, ಪಾಠ ಹೇಳುವುದು ಹನೂರಿನಲ್ಲಿ. ತವರಿನ ಮನೆ ಅಣ್ಣಂದಿರ ಹೆಸರಿನಲ್ಲಿದೆ, ಯಳಂದೂರಿನದು ಅತ್ತೆಯ ಹೆಸರಿನಲ್ಲಿ. ನನ್ನದು ಅಂತ ಇರುವುದು ಕೊಳ್ಳೇಗಾಲದ ಅಂಚಿನಲ್ಲಿ ಒಂದು ಖಾಲಿ ಸೈಟು ಮಾತ್ರ. ಕೆಲಸ ಸಿಕ್ಕ ಹೊಸದರಲ್ಲಿ ಸ್ವಂತ ಸಂಬಳದಲ್ಲಿ ತೆಗೆದುಕೊಂಡದ್ದು. ಅದರ ಮೇಲೆ ಮನೆ ಕಟ್ಟಲಿಲ್ಲ ನಿಜ, ಆದರೆ ಜಗಳಕ್ಕೆ ಅದರಷ್ಟು ಉಪಯೋಗಕ್ಕೆ ಬಂದ ಆಸ್ತಿ ಇನ್ನೊಂದಿಲ್ಲ. ಮನೆಯಲ್ಲಿ ಮಾತಿಗೆ ಮಾತು ಬೆಳೆದಾಗಲೆಲ್ಲ, "ನನಗೂ ಒಂದು ಜಾಗ ಇದೆ, ಹೋಗಿ ಇರ್ತೀನಿ" ಅನ್ನುತ್ತಿದ್ದೆ. "ಛತ್ರಿ ತಗೊಂಡು ಹೋಗು" ಅನ್ನುತ್ತಿದ್ದರು ನಮ್ಮ ಯಜಮಾನರು, ಪೇಪರಿನಿಂದ ತಲೆ ಎತ್ತದೆ.

ಯಳಂದೂರಿನಿಂದ ಹನೂರಿಗೆ ಹೋಗುವಾಗ, ಬರುವಾಗ ದಿನಾ ಕೊಳ್ಳೇಗಾಲ ದಾಟುತ್ತೇನೆ. ಹನೂರು ರಸ್ತೆಯಲ್ಲಿ ಊರು ಮುಗಿಯುವ ಕಡೆ, ಹೊಂಗೆ ಮರ ಇರುವ, ಸುತ್ತ ಕಲ್ಲು ನೆಟ್ಟಿರುವ ಚೊಕ್ಕಟ ಸೈಟೊಂದು ಬರುತ್ತದೆ. "ಅದೇ ನೋಡಿ ನಂದು" ಅಂತ ಪಕ್ಕದಲ್ಲಿ ಕೂತ ಟೀಚರುಗಳಿಗೆಲ್ಲ ತೋರಿಸಿದ್ದೇನೆ. ಹೊಸದಾಗಿ ವರ್ಗವಾಗಿ ಬಂದವರಿಗೆ ಮೊದಲ ವಾರದಲ್ಲೇ ದರ್ಶನ ಆಗುತ್ತಿತ್ತು. ಕಲ್ಲು ನೆಡಿಸಿದ ದಿನ ಬಿಟ್ಟರೆ ಆಮೇಲೆ ಇಳಿದು ನೋಡಿದ್ದು ಮಾತ್ರ ಒಂದು ದಿನವೂ ಇಲ್ಲ. ಎಲ್ಲಿಗೆ ಓಡಿಹೋಗುತ್ತೆ ಅನ್ನುವ ಧೈರ್ಯ.

ಹೀಗಿರುವಾಗ ನಗರಸಭೆಯವರು ಆಟೋಗೆ ಮೈಕು ಕಟ್ಟಿಕೊಂಡು ಕೂಗತೊಡಗಿದರು. ಖಾಲಿ ಸೈಟು ಇರುವವರೆಲ್ಲ ಇ-ಖಾತೆ ಮಾಡಿಸಿಕೊಳ್ಳಬೇಕು, ಕ್ರಯಪತ್ರ ತರಬೇಕು, ಮಾಲೀಕರು ಸೈಟಿನಲ್ಲಿ ನಿಂತ ಫೋಟೋ ಬೇಕು. ಖಾತೆ ಇಲ್ಲದಿದ್ದರೆ ಮಾರುವುದಕ್ಕೂ ಇಲ್ಲ, ಕಟ್ಟುವುದಕ್ಕೂ ಇಲ್ಲ. ಹೆಸರಿಗೆ ಇದ್ದ ಒಂದೇ ಒಂದು ಜಾಗವೂ ಕೈಬಿಟ್ಟರೆ ನಾಳೆ ಜಗಳದಲ್ಲಿ ಏನು ಹೇಳಲಿ? ಮಾರನೆಯ ದಿನವೇ ಅರ್ಜಿ ಕೊಟ್ಟೆ. ಬಿಲ್ ಕಲೆಕ್ಟರ್ ಬಂದು ಜಾಗ ನೋಡುತ್ತಾರೆ, ಅಕ್ಕಪಕ್ಕದವರು ಇದು ಇವರದೇ ಅಂತ ಹೇಳಿ ಸಹಿ ಹಾಕಬೇಕು ಅಂದರು. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ನಾನು ಹನೂರಿನ ಪೇಂಟರ್ ಹತ್ತಿರ ಹೋಗಿ ತಗಡಿನ ಬೋರ್ಡೊಂದನ್ನು ಬರೆಸಿದೆ. ನನ್ನ ಹೆಸರು, ಡಿಗ್ರಿ, ಕೆಳಗೆ ಕೆಂಪಿನಲ್ಲಿ 'ಅತಿಕ್ರಮ ಪ್ರವೇಶ ಮಾಡಿದವರ ಮೇಲೆ ಕಾನೂನು ಕ್ರಮ ಜರುಗಿಸಲಾಗುವುದು'. ಬಸ್ಸಿನಲ್ಲಿ ಅದನ್ನು ತರುವಾಗ ಕಂಡಕ್ಟರ್ ಓದಿ, ಎರಡು ಹೆಜ್ಜೆ ಹಿಂದೆ ಸರಿದು ಟಿಕೆಟ್ ಕೊಟ್ಟ.

ಬಿಲ್ ಕಲೆಕ್ಟರ್ ಬರುವ ದಿನ ರೇಷ್ಮೆ ಸೀರೆ ಉಟ್ಟೆ. ಸರ್ಕಾರದ ದಾಖಲೆಗೆ ಹೋಗುವ ಫೋಟೋ ಅಲ್ಲವೇ. ಯಜಮಾನರನ್ನು ಫೋಟೋ ತೆಗೆಯಲು ಕರೆದುಕೊಂಡೆ. ಹೊಂಗೆ ಮರದ ಕೆಳಗೆ ಬೋರ್ಡು ಹಿಡಿದು, ಎಡಕ್ಕೆ ಬಲಕ್ಕೆ ತಿರುಗಿ ನಿಂತು, ಒಂದು ಹಸುವನ್ನೂ ಗದರಿಸಿ ಓಡಿಸಿದೆ. ಬಿಲ್ ಕಲೆಕ್ಟರ್ ಬೈಕಿನಲ್ಲಿ ಬಂದರು. ಕ್ರಯಪತ್ರದ ಚಕ್ಕುಬಂದಿ ಓದಿದರು, ನಾಲ್ಕೂ ಕಡೆ ನೋಡಿದರು, ಮತ್ತೆ ಓದಿದರು.

"ಮೇಡಂ, ಇದು ನಿಮ್ದಲ್ಲ. ನಿಮ್ದು ಹಿಂದಿನ ಸಾಲಲ್ಲಿ ಬರುತ್ತೆ."

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವವಳು. ಭೂಪಟದಲ್ಲಿ ದಿಕ್ಕು ತಪ್ಪಿದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದವಳು. ಇಷ್ಟು ವರ್ಷ ಯಾರದ್ದೋ ಸೈಟನ್ನು ತಾಲ್ಲೂಕಿಗೆಲ್ಲ ತೋರಿಸಿಕೊಂಡು ಓಡಾಡಿದ್ದೆ. ಯಜಮಾನರು ಆಗಲೇ ತೆಗೆದಿದ್ದ ಫೋಟೋಗಳನ್ನು ಒಂದೊಂದಾಗಿ ಅಳಿಸತೊಡಗಿದರು. ಅದನ್ನು ನೋಡಿ ನನಗೆ ಇನ್ನೂ ಸಿಟ್ಟು ಬಂತು.

ಹಿಂದಿನ ಬೀದಿಗೆ ಹೋದರೆ ನನ್ನ ಸೈಟಿನ ತುಂಬ ಶಾಮಿಯಾನ. ಒಳಗೆ ಜನ ಸಾಲಾಗಿ ಕೂತು ಉಣ್ಣುತ್ತಿದ್ದರು. ಯಾರ ಅಪ್ಪಣೆ ಕೇಳಿ ಹಾಕಿದಿರಿ ಅನ್ನುವ ಮಾತು ಗಂಟಲವರೆಗೆ ಬಂತು. ಅಷ್ಟರಲ್ಲಿ ಮೂಲೆಯಲ್ಲಿ ಹಾರ ಹಾಕಿದ ಫೋಟೋ ಕಂಡಿತು. ಒಬ್ಬ ಮುದುಕಿಯದು. ಈಚೆಗೆ ತೀರಿಕೊಂಡ ಪಕ್ಕದ ಮನೆಯ ಅಜ್ಜಿಯ ತಿಥಿ ಊಟ ಅದು.

ತಿಥಿ ಮನೆಯಲ್ಲಿ ರೇಷ್ಮೆ ಸೀರೆ ಉಟ್ಟು, ಬೋರ್ಡು ಹಿಡಿದು ನಿಂತಿದ್ದೆ. ಬಡಿಸುತ್ತಿದ್ದವರೊಬ್ಬರು ಬಂದು, "ಭಾರ ಆಯ್ತದೆ ಕೊಡಿ" ಅಂತ ಮರ್ಯಾದೆಯಿಂದ ಬೋರ್ಡು ಇಸಕೊಂಡು, ಎಲ್ಲರಿಗೂ ಕಾಣುವ ಹಾಗೆ ಕಂಬಕ್ಕೆ ಒರಗಿಸಿ ಇಟ್ಟರು. ಉಣ್ಣುತ್ತಿದ್ದವರು ಒಬ್ಬೊಬ್ಬರಾಗಿ ಓದಿಕೊಂಡರು. ಒಬ್ಬರು ಬಾಯಿಗಿಟ್ಟ ವಡೆಯನ್ನು ಅಲ್ಲಿಗೇ ನಿಲ್ಲಿಸಿದರು. ಯಜಮಾನರೇ ಹೋಗಿ ಅದನ್ನು ಹಿಂದುಮುಂದು ತಿರುಗಿಸಿದರು. ಜೀವಮಾನದಲ್ಲಿ ಅವರು ನನಗೆ ಮಾಡಿದ ದೊಡ್ಡ ಉಪಕಾರ ಅದು.

ಬಿಲ್ ಕಲೆಕ್ಟರ್ ಮೆಲ್ಲಗೆ ಕೇಳಿದರು, "ಇಲ್ಲಿ ಯಾರಾದ್ರೂ ನಿಮ್ಮನ್ನ ಗುರುತು ಹಿಡೀತಾರಾ ಮೇಡಂ? ಅಕ್ಕಪಕ್ಕದವರು ಹೇಳದೆ ನಾನು ಬರೆಯೋಕಾಗಲ್ಲ."

ಯಾರು ಹಿಡಿಯುತ್ತಾರೆ? ನನ್ನ ಜಾಗದಲ್ಲಿ ನಾನೊಬ್ಬಳೇ ಪರಸ್ಥಳದವಳು. ಅಲ್ಲಿದ್ದ ಒಬ್ಬರ ಮುಖವೂ ನನಗೆ ಗೊತ್ತಿರಲಿಲ್ಲ. ಸೈಟು ಹೋಯಿತು ಅಂತಲೇ ಅಂದುಕೊಂಡೆ.

ಆಗ ಅಜ್ಜಿಯ ಸೊಸೆ ಕೈ ಒರೆಸಿಕೊಳ್ಳುತ್ತ ಬಂದಳು. ಬಿಲ್ ಕಲೆಕ್ಟರ್ ಕೈಯಲ್ಲಿದ್ದ ಕ್ರಯಪತ್ರವನ್ನೂ ನನ್ನನ್ನೂ ದಿಟ್ಟಿಸಿ ನೋಡಿ, "ನೀವು ಅನೂರು ಮೇಡಮ್ಮ ಅಲ್ವಾ?" ಅಂದಳು.

"ಹೌದು. ನಿಮಗೆ ಹೇಗೆ ಗೊತ್ತು?"

"ನಮ್ಮತ್ತೆ ಏಳೋರು. ಕಲ್ಲು ನೆಟ್ಟ ದಿನ ನೀವು ಬಂದಿದ್ರಂತೆ. ನಮ್ಮತ್ತೆ ಮಜ್ಜಿಗೆ ಕೊಟ್ರಂತೆ, ನೀವು ಬರೋ ವರ್ಸ ಮನೆ ಕಟ್ತೀನಿ ಅಂದ್ರಂತೆ. ಅವತ್ತಿಂದ ಇಲ್ಲಿ ಕಸ ಆಕಕ್ಕೆ ಬುಡ್ನಿಲ್ಲ ಒಬ್ರನ್ನೂವೆ. ನಮ್ಮೆಜಮಾನ್ರು ಒಂದು ಕೊಟ್ಟಿಗೆ ಆಕಂತೀನಿ ಅಂದುದ್ಕೆ, ಮೇಡಮ್ಮ ಬಂದ್ರೆ ಏನಂತ ಏಳ್ಲಿ ಅಂತ ಮೂರು ದಿನ ಮಾತಾಡ್ನಿಲ್ಲ. ಈಗ ಸಾಮಿಯಾನ ಆಕಕ್ಕೂ ಕೇಳ್ಬೇಕಾಗಿತ್ತು ಕಣ್ರಮ್ಮ. ಯಾರ್ನ ಕೇಳದು ಗೊತ್ತಾಗ್ನಿಲ್ಲ."

ನಾನು ಫೋಟೋದ ಕಡೆ ನೋಡಿದೆ. ಮಜ್ಜಿಗೆ ಕುಡಿದದ್ದು ನೆನಪಿಗೆ ಬರಲಿಲ್ಲ, ಆ ಮುಖವೂ ನೆನಪಿಗೆ ಬರಲಿಲ್ಲ. ಬರೋ ವರ್ಷ ಅಂದಿರಬಹುದು. ಕೇಳಿದವರಿಗೆಲ್ಲ ನಾನು ಹಾಗೇ ಅನ್ನುವುದು. ಅದನ್ನು ನಂಬಿದವರು ಅವರೊಬ್ಬರೇ. ನನಗೆ ಬಹಳ ನಾಚಿಕೆಯಾಯಿತು.

ಸೊಸೆ ಸಹಿ ಹಾಕಿದಳು, ಅವಳ ಗಂಡ ಹಾಕಿದ, ಆ ಕಡೆಯ ಮನೆಯವರೂ ಊಟದ ಕೈ ತೊಳೆದು ಬಂದು ಹಾಕಿದರು. ಒಬ್ಬರೂ ನನ್ನನ್ನು ಕಂಡವರಲ್ಲ, ಎಲ್ಲರೂ ಅಜ್ಜಿಯ ಬಾಯಲ್ಲಿ ಕೇಳಿದವರು. ಕಡೆಯ ಪಂಕ್ತಿ ಎದ್ದ ಮೇಲೆ ಶಾಮಿಯಾನ ಬಿಚ್ಚಿದರು. ಬಿಲ್ ಕಲೆಕ್ಟರೂ ನಾವೂ ಅದೇ ಪಂಕ್ತಿಯಲ್ಲಿ ಉಂಡಿದ್ದೆವು. ತಿಥಿ ಊಟ ಬೇಡ ಅನ್ನಬಾರದು, ಕಜ್ಜಾಯವೂ ಚೆನ್ನಾಗಿತ್ತು. ಆಮೇಲೆ ಖಾಲಿ ಜಾಗದಲ್ಲಿ ನಿಂತೆ, ಯಜಮಾನರು ಫೋಟೋ ತೆಗೆದರು. ನನ್ನ ಹಿಂದೆ ಅನ್ನದ ಅಗುಳು, ಕಾಗೆಗಳು. ನಗು ಅಂದರು, ಆಗಲಿಲ್ಲ.

ಹೊರಡುವಾಗ ಅಭ್ಯಾಸಬಲ ನೋಡಿ. ಸಾವಿನ ಮನೆಯಿಂದ ಹೊರಡುವವರು 'ಬರ್ತೀನಿ' ಅನ್ನಬಾರದು, ಸುಮ್ಮನೆ ಎದ್ದು ನಡೆಯಬೇಕು. ಇದು ನಮ್ಮ ಕಡೆ ಸಣ್ಣ ಮಕ್ಕಳಿಗೂ ಗೊತ್ತು. ನಾನು ಅಜ್ಜಿಯ ಮನೆ ಬಾಗಿಲಲ್ಲಿ ನಿಂತು, ಎಲ್ಲರ ಎದುರಿಗೆ, ಗಟ್ಟಿಯಾಗಿ, "ಬರ್ತೀನಮ್ಮ" ಅಂದುಬಿಟ್ಟೆ. ಚಪ್ಪಲಿ ಹಾಕಿಕೊಳ್ಳುತ್ತಿದ್ದವರು ತಿರುಗಿ ನೋಡಿದರು. ಯಜಮಾನರು ಕಣ್ಣು ಮುಚ್ಚಿಕೊಂಡರು. ನಾನು ನಾಲಗೆ ಕಚ್ಚಿಕೊಂಡೆ.

ಸೊಸೆ ಮುಖ ಸಿಂಡರಿಸಲಿಲ್ಲ. ಒಳಗೆ ತಂದಿಟ್ಟಿದ್ದ ಅತ್ತೆಯ ಫೋಟೋ ಕಡೆ ಒಂದು ಸಲ ತಿರುಗಿ ನೋಡಿದಳು.

"ಬನ್ನಿ ಮೇಡಮ್ಮ," ಅಂದಳು. "ನೀವು ಬತ್ತೀರಿ ಬತ್ತೀರಿ ಅಂತ್ಲೇ ಕಾಯ್ತಿದ್ರು."